ಟೆಸ್ಟ್ ಕಿಟ್ ಮೇಲೆ ‘100%’ ಎಂದಿದೆಯೇ? ನಂಬುವ ಮೊದಲು ಈ ಒಂದು ಪ್ರಶ್ನೆ ಕೇಳಿ



ಮನೆಯಲ್ಲಿ ಯಾರಿಗೋ ಜ್ವರ. ಮೆಡಿಕಲ್ ಶಾಪಿನಿಂದ ಟೆಸ್ಟ್ ಕಿಟ್ ತರುತ್ತೀರಿ. ಡಬ್ಬಿಯ ಮೇಲೆ ‘ಸೆನ್ಸಿಟಿವಿಟಿ 100%’ ಎಂದಿದೆ. ಪರೀಕ್ಷೆ ಮಾಡಿದರೆ ನೆಗೆಟಿವ್. ಸದ್ಯ, ಬಚಾವಾದೆವು ಎಂದು ಸುಮ್ಮನಾಗಬಹುದೇ? ಸ್ವಲ್ಪ ತಾಳಿ.

ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಟೆಸ್ಟ್ ಸರಿಯಾಗಿ ಹಿಡಿಯುತ್ತದೆ ಎಂಬುದೇ ಸೆನ್ಸಿಟಿವಿಟಿ. ನೀವು ಕೇಳಬೇಕಾದ ಪ್ರಶ್ನೆ ಇದು: *ಎಷ್ಟು ರೋಗಿಗಳ ಮೇಲೆ ನೋಡಿ ಈ ಮಾತು ಹೇಳಿದ್ದಾರೆ?*

30 ರೋಗಿಗಳಲ್ಲಿ 30 ಮಂದಿಯನ್ನೂ ಹಿಡಿದರೆ 100% ನಿಜ. ಆದರೆ 31ನೆಯವರು ತಪ್ಪಿಹೋಗುವುದಿಲ್ಲ ಎಂಬ ಖಾತ್ರಿ ಏನು? ಅದಕ್ಕೇ ಸಂಖ್ಯಾಶಾಸ್ತ್ರ ಬಲ್ಲವರು ಒಂದೇ ಅಂಕಿ ಹೇಳದೆ ‘ಇಷ್ಟರಿಂದ ಇಷ್ಟರವರೆಗೆ’ ಎನ್ನುತ್ತಾರೆ. ಇದೇ 95% ಕಾನ್ಫಿಡೆನ್ಸ್ ಇಂಟರ್ವಲ್. ಇದನ್ನು ಲೆಕ್ಕ ಹಾಕುವ ಮೂರು ಮುಖ್ಯ ವಿಧಾನಗಳಿವೆ.

1️⃣ *ವಾಲ್ಡ್:* ಎಲ್ಲಕ್ಕಿಂತ ಸುಲಭದ ಸೂತ್ರ. 30ಕ್ಕೆ 30 ಬಂದರೆ ಇದರ ಉತ್ತರ ‘100ರಿಂದ 100’. ಅಂದರೆ ಸಂಶಯಕ್ಕೆ ಜಾಗವೇ ಇಲ್ಲ! 30ಕ್ಕೆ 28 ಬಂದರೆ 84.4ರಿಂದ 102.3%. ನೂರು ರೋಗಿಗಳಲ್ಲಿ 102 ಮಂದಿಯನ್ನು ಹಿಡಿಯಲಾದೀತೇ? ಜನ ಕಡಿಮೆ ಇದ್ದಾಗ ಈ ಸೂತ್ರ ಕೈಕೊಡುತ್ತದೆ.

2️⃣ *ವಿಲ್ಸನ್ (1927):* 30ಕ್ಕೆ 30 ಬಂದರೆ 88.6ರಿಂದ 100%. 28 ಬಂದರೆ 78.7ರಿಂದ 98.2%. ಎಂದೂ ನೂರು ದಾಟುವುದಿಲ್ಲ.

3️⃣ *ಕ್ಲಾಪರ್–ಪಿಯರ್ಸನ್ (1934):* 88.4ರಿಂದ 100%, ಮತ್ತು 77.9ರಿಂದ 99.2%. ಇದು ತುಸು ಹೆಚ್ಚೇ ಎಚ್ಚರಿಕೆಯ ಲೆಕ್ಕ.

ನೋಡಿದಿರಾ? ಅದೇ ಕಿಟ್, ಅದೇ 30 ರೋಗಿಗಳು. ಆದರೂ ‘100%’ ಎಂಬುದರ ಹಿಂದೆ 88% ಅಡಗಿರಬಹುದು. ಹಾಗಿದ್ದರೆ ನೂರು ರೋಗಿಗಳಲ್ಲಿ ಹನ್ನೆರಡು ಮಂದಿ ‘ನನಗೇನೂ ಇಲ್ಲ’ ಎಂದುಕೊಂಡು ಔಷಧವಿಲ್ಲದೆ ಉಳಿಯುತ್ತಾರೆ.

*ಬಾಯಿಲೆಕ್ಕ:* ಪರೀಕ್ಷೆಯಲ್ಲಿ ಒಬ್ಬರೂ ತಪ್ಪಿಲ್ಲ ಎಂದಿದ್ದರೆ, 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. 30 ಮಂದಿಯಾದರೆ ಶೇ. 10ರಷ್ಟು ತಪ್ಪುವ ಸಾಧ್ಯತೆ ಇನ್ನೂ ಇದೆ. 300 ಮಂದಿಯಾದರೆ ಶೇ. 1 ಮಾತ್ರ.

ಇನ್ನೊಂದು ಮಾತು. ಪರೀಕ್ಷೆಗೆ ಒಳಗಾದವರು ಬದಲಾದರೆ ಅಂಕಿಯೂ ಬದಲಾಗುತ್ತದೆ. 2020ರ ಜೂನ್‌ನಲ್ಲಿ ಐಸಿಎಂಆರ್ ಕೋವಿಡ್ ರಾಪಿಡ್ ಆಂಟಿಜೆನ್ ಟೆಸ್ಟ್ ಬಳಸಲು ಹೇಳಿದಾಗ, ಎರಡು ಪ್ರತ್ಯೇಕ ಪರಿಶೀಲನೆಗಳಲ್ಲಿ ಅದರ ಸೆನ್ಸಿಟಿವಿಟಿ 50.6ರಿಂದ 84% ಎಂದು ಕಂಡಿತ್ತು. ಆದ್ದರಿಂದಲೇ ಕೋವಿಡ್ ಶಂಕೆ ಇದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಎಂದಿತು.

*ನೀವು ಮಾಡಬೇಕಾದದ್ದು:*
✅ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಒಳಗಿನ ಚೀಟಿಯ ಸಣ್ಣ ಅಕ್ಷರ ಓದಿ.
✅ ಎಷ್ಟು ರೋಗಿಗಳು ಎಂದು ನೋಡಿ.
✅ ‘95% ಸಿಐ’ ಮುಂದಿನ ಎರಡು ಅಂಕಿಗಳಲ್ಲಿ ಚಿಕ್ಕದನ್ನು ಗಮನಿಸಿ.
✅ ನೆಗೆಟಿವ್ ಬಂದರೂ ಜ್ವರ, ಕೆಮ್ಮು, ಸುಸ್ತು ಇಳಿಯದಿದ್ದರೆ ಡಾಕ್ಟರರ ಬಳಿ ಹೋಗಿ.

ಕಿಟ್ ಹೇಳುವುದಕ್ಕಿಂತ ಮೈ ಹೇಳುವುದನ್ನು ಮೊದಲು ಕೇಳಿ. ಮನೆಯ ಹಿರಿಯರಿಗೂ ಓದಿ ಹೇಳಿ. 🌿