ಹದಿಹರೆಯದ ತಂಬಾಕು ಸೇವನೆ ಮತ್ತು ಆತ್ಮಹತ್ಯೆಯ ಅಪಾಯ

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕ ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಬೀಡಿ ಕಟ್ಟುವುದು ಬಹುಕಾಲದಿಂದ ನಡೆದುಬಂದ ಮನೆಗೆಲಸ. ಎಲೆಯನ್ನೂ ಹೊಗೆಸೊಪ್ಪಿನ ಹುಡಿಯನ್ನೂ ತಂದು, ಕಟ್ಟಿದ ಬೀಡಿಯನ್ನು ಎಣಿಸಿ ಒಪ್ಪಿಸಿ, ಆ ಮಜೂರಿಯಿಂದ ಸಂಸಾರವನ್ನು ಸಾಗಿಸಿದ ತಾಯಂದಿರು ಇಲ್ಲಿ ಅನೇಕರು. ಅನ್ನದ ಮೂಲವಾಗಿ ಮನೆಯೊಳಗೇ ಇರುವ ವಸ್ತುವು ಮಗುವಿಗೆ ಅಪರಿಚಿತವಾಗಿ ತೋರದು. ಆದುದರಿಂದ ತಂಬಾಕಿಗೂ ಎಳೆಯ ಮನಸ್ಸಿಗೂ ಇರುವ ಸಂಬಂಧದ ವಿಚಾರ ಈ ಪ್ರದೇಶಕ್ಕೆ ವಿಶೇಷವಾಗಿ ಅಗತ್ಯವಾದುದು.

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇಕಡಾ 8.5ರಷ್ಟು ಮಂದಿ ಯಾವುದಾದರೊಂದು ಬಗೆಯ ತಂಬಾಕನ್ನು ಬಳಸುತ್ತಿದ್ದರು. ಬೀಡಿ ಸೇದಿದವರಲ್ಲಿ ಶೇಕಡಾ 47ರಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಅದನ್ನು ಆರಂಭಿಸಿದವರು. ತಂಬಾಕು ಬಳಸುವ ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆಯೂ ಪ್ರಯತ್ನವೂ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಈ ಸಂಬಂಧವನ್ನು ಮೂರು ವಿಧವಾಗಿ ವಿವರಿಸಬಹುದು. ಮೊದಲನೆಯದಾಗಿ, ಖಿನ್ನತೆ, ಮನೆಯ ಕಲಹ, ಸಾಲದ ಹೊರೆ, ಮದ್ಯಪಾನದ ಪರಿಸರ ಮುಂತಾದುವು ಒಂದೇ ಕಾಲದಲ್ಲಿ ತಂಬಾಕಿನತ್ತಲೂ ನಿರಾಶೆಯತ್ತಲೂ ತರುಣನನ್ನು ನೂಕಬಲ್ಲವು. ಎರಡನೆಯದಾಗಿ, ದುಃಖದಲ್ಲಿರುವವನು ಕ್ಷಣಿಕ ಸಮಾಧಾನವನ್ನರಸಿ ಬೀಡಿಯನ್ನು ಹಿಡಿಯಬಹುದು. ಮೂರನೆಯದಾಗಿ, ನಿಕೋಟಿನ್ ತಾನೇ ಮನಸ್ಸನ್ನು ಕದಡಬಹುದು. ಆವೇಗವನ್ನು ತಡೆಯುವ ಮಿದುಳಿನ ಮುಂಭಾಗವು ಇಪ್ಪತ್ತರ ಹರೆಯದ ನಡುವಿನವರೆಗೂ ಬೆಳೆಯುತ್ತಿರುತ್ತದೆ. ಆ ಅವಧಿಯಲ್ಲಿ ಚಟವು ಬೇಗನೆ ಬೇರೂರುತ್ತದೆ. ರಕ್ತದಲ್ಲಿ ನಿಕೋಟಿನ್ ಇಳಿದಾಗ ಕಳವಳ, ಸಿಡುಕು, ಬೇಸರಗಳು ಮೂಡುತ್ತವೆ. ಮತ್ತೆ ಸೇದಿದಾಗ ಅವು ತಗ್ಗುತ್ತವೆ. ರೋಗವನ್ನು ತಂದ ವಸ್ತುವೇ ಔಷಧದಂತೆ ಭಾಸವಾಗುವುದು ಹೀಗೆ.

ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜವೆಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಗಮನಾರ್ಹವಾದುದು. ಸಿಗರೇಟಿನ ತೆರಿಗೆಯನ್ನು ಏರಿಸಿ, ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿರ್ಬಂಧಿಸಿದ ರಾಜ್ಯಗಳಲ್ಲಿ ಆತ್ಮಹತ್ಯೆಯ ಪ್ರಮಾಣವೂ ತಗ್ಗಿದುದನ್ನು ಅದು ಗುರುತಿಸಿತು. ತಂಬಾಕು ಕೇವಲ ದುಃಖದ ಗುರುತಲ್ಲ, ಅದರ ಒಂದು ಕಾರಣವೂ ಆಗಿರಬಹುದೆಂಬ ಊಹೆಗೆ ಇದು ಬಲ ನೀಡುತ್ತದೆ.

ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯು 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಆದರೆ ಕಾನೂನು ಅಂಗಡಿಯ ಬಾಗಿಲಿನಲ್ಲಿ ನಿಲ್ಲಬಲ್ಲುದೇ ಹೊರತು ಬಾಲಕನ ಮನಸ್ಸನ್ನು ಹೊಗಲಾರದು. ಆ ಕಾರ್ಯ ಮನೆಯವರಿಗೂ ಉಪಾಧ್ಯಾಯರಿಗೂ ಸೇರಿದುದು. ವಿದ್ಯಾರ್ಥಿಯ ಕೈಯಲ್ಲಿ ಬೀಡಿ ಕಂಡಾಗ ತರಗತಿಯ ಮುಂದೆ ಅವಮಾನಿಸಿ ಶಾಲೆಯಿಂದ ಹೊರಹಾಕಿದರೆ, ಅವನಿಗೆ ಉಳಿದಿದ್ದ ಆಸರೆಯೂ ತಪ್ಪೀತು. ಸೇದುವವರೆಲ್ಲರೂ ಆತ್ಮಹತ್ಯೆಯ ದಾರಿಯಲ್ಲಿರುವವರಲ್ಲ, ನಿಜ. ಆದರೂ "ಏಕೆ ಸೇದಿದೆ?" ಎಂದು ಗದರಿಸುವುದಕ್ಕೆ ಮೊದಲು "ನಿನಗೇನು ಕಷ್ಟ?" ಎಂದು ಕೇಳುವುದು ಯೋಗ್ಯ. ಬದುಕು ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಮಾತಿಗೆ ದಾರಿಯಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದೆಂಬುದು ಪ್ರತಿಯೊಂದು ಶಾಲೆಗೂ ತಿಳಿದಿರತಕ್ಕ ವಿಷಯ.