ಮಾತ್ರೆಯಿದ್ದೂ ಮರಳುವ ಪಾರ್ಶ್ವವಾಯು

ಒಮ್ಮೆ ಲಕ್ವ ಹೊಡೆದು ಚೇತರಿಸಿಕೊಂಡ ಹಿರಿಯರಿರುವ ಮನೆಗಳಲ್ಲಿ ‘ರಕ್ತ ತೆಳುವಾಗಿಸುವ ಮಾತ್ರೆ ನಡೆದಿದೆ, ಇನ್ನು ಭಯವಿಲ್ಲ’ ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಮಾತ್ರೆಯು ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುವುದೇ ಹೊರತು ಇಲ್ಲವಾಗಿಸದು.

ಹೃದಯದ ಮೇಲಿನ ಕೋಣೆಗಳು ಲಯತಪ್ಪಿ ಅದುರತೊಡಗಿದರೆ ಎಡಗೋಣೆಯ ಮೂಲೆಯಲ್ಲಿ ರಕ್ತವು ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ನಾಳದಲ್ಲಿ ಸಿಲುಕಿದಾಗ ಪಾರ್ಶ್ವವಾಯು. ಇದನ್ನು ತಡೆಯುವ ವಾರ್ಫರಿನ್ನಿನ ಮೂಲ ಕುತೂಹಲಕರವಾದುದು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ಕಾರಣವನ್ನು ಅರಸಿದ ಶೋಧದಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಪ್ರಮಾಣ ಮೀರಿದರೆ ರಕ್ತಸ್ರಾವ, ಕುಗ್ಗಿದರೆ ಹೆಪ್ಪು. ಆದ್ದರಿಂದಲೇ ಐ.ಎನ್.ಆರ್. ಎಂಬ ರಕ್ತಪರೀಕ್ಷೆ, ಅದು ಸಾಮಾನ್ಯವಾಗಿ 2ರಿಂದ 3ರೊಳಗಿರಬೇಕು.

ಪಾರ್ಶ್ವವಾಯು ಮರಳಿತೆಂದರೆ ಮೊದಲು ವಿಚಾರಿಸತಕ್ಕದ್ದು, ಮಾತ್ರೆಯು ನಿಜವಾಗಿ ಹೊಟ್ಟೆ ಸೇರುತ್ತಿತ್ತೇ ಎಂಬುದನ್ನು. ವಾರ್ಫರಿನ್ ಸೇವಿಸುವವರು ಒಂದು ವಾರ ಸೊಪ್ಪನ್ನೇ ಮುಟ್ಟದೆ, ಮರುವಾರ ಪಾಲಕ್, ನುಗ್ಗೆಸೊಪ್ಪುಗಳನ್ನು ಹೇರಳವಾಗಿ ಉಂಡರೆ ಐ.ಎನ್.ಆರ್. ಏರಿಳಿಯುತ್ತದೆ. ಸೊಪ್ಪನ್ನು ಬಿಡಬೇಕಿಲ್ಲ, ಒಂದೇ ಸಮನಾಗಿ ಉಣ್ಣಬೇಕು. ಹೊಸ ಮಾತ್ರೆಗಳಿಗೆ ಈ ಪಥ್ಯವಿಲ್ಲ; ಆದರೆ ಅವುಗಳ ಪ್ರಭಾವ ಒಂದೆರಡು ದಿನಗಳಲ್ಲೇ ಇಳಿಯುವುದರಿಂದ ಹೊತ್ತು ತಪ್ಪಿಸಲಾಗದು. ಶ್ರಾವಣ ಸೋಮವಾರದ ಉಪವಾಸದಂದು ಮಾತ್ರೆಯನ್ನೂ ಬಿಡುವವರಿದ್ದಾರೆ. ವ್ರತದಲ್ಲಿ ನಮಗೆ ಆದರವಿದೆ, ಆದರೆ ಮಾತ್ರೆ ಆಹಾರವಲ್ಲ. ರಿವರಾಕ್ಸಬಾನ್ ಅಂತೂ ಬರಿಹೊಟ್ಟೆಯಲ್ಲಿ ಪೂರ್ತಿಯಾಗಿ ರಕ್ತಕ್ಕೆ ಸೇರದು. ಅದನ್ನು ಸೇವಿಸುವವರು ಉಪವಾಸವನ್ನೇ ಬಿಡುವುದು ಲೇಸು.

ಹೊಸದೆಲ್ಲ ಎಲ್ಲರಿಗೂ ಒಗ್ಗದು. ವಾತಜ್ವರದಿಂದ ಕವಾಟ ಕೆಟ್ಟು ಹೃದಯದ ಲಯ ತಪ್ಪಿದವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ಬಗೆಯ ಮಾತ್ರೆಯೇ ಮೇಲೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಕೃತಕ ಲೋಹದ ಕವಾಟವಿದ್ದವರಿಗೂ ಹಳೆಯದೇ ಗತಿ.

ಮಾತ್ರೆ ತಪ್ಪಿಲ್ಲವೆಂದಾದರೆ ಕಾರಣ ಬೇರೆಡೆ ಇದ್ದೀತು. ಕತ್ತಿನ ರಕ್ತನಾಳ ಕಿರಿದಾಗಿರಬಹುದು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮೆದುಳಿನ ಸಣ್ಣ ನಾಳಗಳು ಕೆಟ್ಟಿರಬಹುದು. ರಕ್ತ ತೆಳುವಾದ ಮಾತ್ರಕ್ಕೆ ಇವು ಸರಿಹೋಗುವುದಿಲ್ಲ. ರಕ್ತದೊತ್ತಡವನ್ನು ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿಡುವುದು, ತಂಬಾಕು ತ್ಯಜಿಸುವುದು ಮಾತ್ರೆಯಷ್ಟೇ ಮುಖ್ಯ. ‘ಇನ್ನೊಂದು ಇರಲಿ’ ಎಂದು ತಾವಾಗಿಯೇ ಆಸ್ಪಿರಿನ್ ಕೂಡಿಸಿದರೆ ರಕ್ತಸ್ರಾವದ ಭಯ ಹೆಚ್ಚೀತು. ಮಂಡಿನೋವಿನ ಮಾತ್ರೆಗಳಲ್ಲಿಯೂ ಹಲವು ಹಾಗೆಯೇ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳಷ್ಟೇ ಅವಧಿ. ಅದನ್ನು ಕೊಡಬಹುದೇ ಎಂಬುದು ರೋಗಿಯು ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಿದರೆಂಬುದನ್ನೂ ಅವಲಂಬಿಸಿದೆ. ಆ ವಿವರವನ್ನು ಬರೆದ ಚೀಟಿ ಹಿರಿಯರ ಜೇಬಿನಲ್ಲಿಯೂ ಸೊಸೆಯ ಕೈಯಲ್ಲಿಯೂ ಇರಲಿ.