ವಿಶ್ವ ಎಂದರೆ ಭೈರಪ್ಪನವರೇ?

1970ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯ ವೇಷ ಹಾಕಿದ ಆತ್ಮಕಥೆ ಎಂಬ ಮಾತು ಐದು ದಶಕಗಳಿಂದ ಓಡಾಡುತ್ತಿದೆ. ಈ ಮಾತಿನ ಪ್ರಕಾರ ಕಥಾನಾಯಕಿ ನಂಜಮ್ಮ ಲೇಖಕರ ತಾಯಿ ಗೌರಮ್ಮ, ಅವಳ ಮಕ್ಕಳಲ್ಲಿ ಕೊನೆಗೆ ಬದುಕುಳಿಯುವ ಹುಡುಗ ವಿಶ್ವ ಸ್ವತಃ ಭೈರಪ್ಪ. ಬೆಂಗಳೂರಿನ ಜಯನಗರ, ಬನಶಂಕರಿಯ ಓದುಗ ಬಳಗಗಳಲ್ಲೂ ಈ ಸಮೀಕರಣವನ್ನು ಪ್ರಶ್ನಿಸುವವರು ಕಡಿಮೆ.

ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬಾಲ್ಯದಲ್ಲೇ ಭೈರಪ್ಪನವರ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗು ಕಿತ್ತುಕೊಂಡಿತು. ಕಾದಂಬರಿಯಲ್ಲೂ ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಪ್ಲೇಗಿಗೆ ಬಲಿಯಾಗುತ್ತಾರೆ. ಆದರೆ ಹೋಲಿಕೆ ಸಿಕ್ಕಿದ ಕೂಡಲೇ ಓದುವುದನ್ನೇ ನಿಲ್ಲಿಸಿಬಿಟ್ಟರೆ ಹೇಗೆ?

ಲೇಖಕರು ಹುಟ್ಟಿದ್ದು 1931ರಲ್ಲಿ. ಕಥೆ ಆರಂಭವಾಗುವುದು 1920ರ ದಶಕದಲ್ಲಿ. ನಂಜಮ್ಮನ ಅತ್ತೆಯಾಗಲಿರುವ ಗಂಗಮ್ಮನ ಮಕ್ಕಳು ಮಾಡು ಹತ್ತಿ, ಒನಕೆಯಿಂದ ಸ್ವಂತ ಮನೆಯ ಹೆಂಚನ್ನೇ ಕುಟ್ಟಿ ಒಡೆಯುವ ಮೊದಲ ಪುಟಗಳ ರಂಪಾಟದ ಹೊತ್ತಿಗೆ ವಿಶ್ವನಿರಲಿ, ನಂಜಮ್ಮನೂ ಆ ಮನೆಗೆ ಕಾಲಿಟ್ಟಿಲ್ಲ. ಶಾನುಭೋಗಿಕೆಯ ಲೆಕ್ಕ ಬಾರದ ಗಂಡ ಚೆನ್ನಿಗರಾಯನ ಬದಲು ಗೆರೆ ಹಾಕಿ ಲೆಕ್ಕ ಬರೆಯುವವಳು, ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕೂಡಿಸುವವಳು ನಂಜಮ್ಮ. ಕಾದಂಬರಿ ಅವಳದು. ಹುಡುಗನೊಬ್ಬ ‘ನಾನು’ ಎಂದು ಹೇಳುವ ಕಥೆ ಇದಲ್ಲ. ಊರೂ ಬೇರೆ: ಕಾದಂಬರಿಯ ರಾಮಸಂದ್ರ ಇರುವುದು ತುಮಕೂರು ಜಿಲ್ಲೆಯ ತಿಪಟೂರು ಸೀಮೆಯಲ್ಲಿ, ಲೇಖಕರ ಸಂತೇಶಿವರ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಕೊನೆಯಲ್ಲಿ ವಿಶ್ವನನ್ನು ಕರೆದುಕೊಂಡು ಹೊರಡುವ ಮಹಾದೇವಯ್ಯನನ್ನೂ ಚರಿತ್ರೆಯಲ್ಲಿ ಹುಡುಕಲು ಹೊರಟರೆ ಭೈರಪ್ಪನವರಿಗೆ ಕಲ್ಪನಾಶಕ್ತಿಯೇ ಇರಲಿಲ್ಲ ಎಂದಂತಾಯಿತು. ಆತ್ಮಕಥೆಯನ್ನು ಅವರು ಬೇರೆಯಾಗಿಯೇ ಬರೆದರು. ಅದು 1996ರ ‘ಭಿತ್ತಿ’. ಎರಡನ್ನೂ ಓದದೆ ಎರಡೂ ಒಂದೇ ಎನ್ನುವುದು ವಿಮರ್ಶೆಯಲ್ಲ, ಹರಟೆ.

ಈ ಚಾಳಿ ಕನ್ನಡಿಗರದಷ್ಟೇ ಅಲ್ಲ. ಅಮೆರಿಕದ ಕಾದಂಬರಿಕಾರ ಥಾಮಸ್ ವುಲ್ಫ್ 1929ರಲ್ಲಿ ‘ಲುಕ್ ಹೋಮ್‌ವರ್ಡ್, ಏಂಜೆಲ್’ ಪ್ರಕಟಿಸಿದಾಗ ಅವನ ಊರು ಆಶ್‌ವಿಲ್‌ನ ಜನ ಪುಟ ಪುಟದಲ್ಲೂ ತಮ್ಮನ್ನೇ ಕಂಡು ಕೆರಳಿದರು. ಕೃತಿ ಕಲ್ಪಿತ ಎಂದು ಪುಸ್ತಕದ ಆರಂಭದಲ್ಲೇ ಹೇಳಿದ್ದರೂ ಪ್ರಯೋಜನವಾಗಲಿಲ್ಲ. 1937ರವರೆಗೆ ಅವನು ಊರಿನತ್ತ ತಲೆ ಹಾಕಲಿಲ್ಲ. ಮರುವರ್ಷವೇ, 37ರ ಹರೆಯದಲ್ಲಿ ತೀರಿಕೊಂಡ.

ಅನುಭವದಿಂದ ಬರೆದದ್ದೆಲ್ಲ ವರದಿ ಎಂದು ನಂಬುವವರು ಉಳಿದದ್ದನ್ನೂ ವಿಚಾರಿಸದೆ ನಂಬುತ್ತಾರೆ. ‘ವಂಶವೃಕ್ಷ’ ಭೈರಪ್ಪನವರ ಮೊದಲ ಕಾದಂಬರಿ ಎನ್ನುತ್ತಾರೆ. ಅದು ಬಂದದ್ದು 1965ರಲ್ಲಿ, ‘ಭೀಮಕಾಯ’ ಅದಕ್ಕೂ ಮೊದಲಿನದು. ಜ್ಞಾನಪೀಠ ಬಂದಿತ್ತು ಎಂದು ಆಣೆ ಮಾಡುವವರೂ ಇದ್ದಾರೆ. ‘ದಾಟು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ಮಂದ್ರ’ಕ್ಕೆ ಸರಸ್ವತಿ ಸಮ್ಮಾನ್ ಬಂದವು, 2025ರಲ್ಲಿ ಬೆಂಗಳೂರಿನಲ್ಲಿ ತೀರಿಕೊಳ್ಳುವವರೆಗೂ ಜ್ಞಾನಪೀಠ ಅವರಿಗೆ ಬರಲಿಲ್ಲ.